ಜೀಪಿಗೆ ಹೊಸ ದೀಪ ಹಾಕಿಸಿದ್ದು

ಗಾಡಿಯಿಂದ ಬಿಚ್ಚಿ ತೆಗೆದ ಹಳೆಯ ಬಲ್ಬುಗಳನ್ನು ಏನು ಮಾಡಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ಮನೆಯ ಬಲ್ಬಾದರೆ ಸುಟ್ಟುಹೋದ ಮೇಲೆ ತೆಗೆಯುತ್ತೇವೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ತಂತಿ ಗಿಲಗಿಲ ಎಂದರೆ ಮುಗಿಯಿತು ಎಂದು ಎಸೆಯುತ್ತೇವೆ. ಇವು ಹಾಗಲ್ಲ. ನನ್ನ ಜೀಪಿನ ಈ ಎರಡು ಹ್ಯಾಲೊಜೆನ್ ಬಲ್ಬುಗಳು ಇನ್ನೂ ಉರಿಯುತ್ತವೆ. ಉರಿಯುವ ಬಲ್ಬನ್ನು ಎಸೆಯಲು ಕೈ ಬರಲಿಲ್ಲ. ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಕಣ್ಣಿಗೆ ಬೀಳುತ್ತವೆ, ಸುಶೀಲ ನೆನಪಾಗುತ್ತಾಳೆ.

ಸುಶೀಲ ನನ್ನ ಹೆಂಡತಿ. ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ಬೇರೆಯವರು ಹೆಂಡತಿಯ ಫೋಟೋ ನೋಡಿ, ಸೀರೆ ನೋಡಿ ನೆನೆಯುತ್ತಾರೆ. ಗಾಡಿಯ ಬಲ್ಬು ನೋಡಿ ನೆನೆಯುವವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಕಾರಣ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ, ನಮ್ಮ ಕಡೆಯ ರಸ್ತೆಗಳೂ ಹಾಗೆಯೇ ಇವೆ.

ನಾನು ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ ಹಿಡಿಯುವುದು, ಆಳುಗಳನ್ನು ಸಾಲಿಗೆ ಬಿಡುವುದು, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಬರೆದುಕೊಳ್ಳುವುದು ನನ್ನ ಕೆಲಸ. ಎಸ್‌ಎಸ್‌ಎಲ್‌ಸಿ ಓದಿದವನಿಗೆ ಇದಕ್ಕಿಂತ ದೊಡ್ಡ ಕೆಲಸ ಬೇಕೆಂದು ನನಗೆ ಅನಿಸಲಿಲ್ಲ. ಧಣಿಗಳು ಹೊಸ ಗಾಡಿ ತಂದಾಗ ಹಳೆಯ ಜೀಪನ್ನು ನನಗೆ ಬಿಟ್ಟುಕೊಟ್ಟರು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ. ಬಾಗಿಲಿನ ಜಾಗದಲ್ಲಿ ಕ್ಯಾನ್ವಾಸಿನ ಪರದೆ. ಕೆಸರಿರಲಿ, ಏರಿರಲಿ, ಎಮ್ಮೆಯ ಹಾಗೆ ತಲೆ ತಗ್ಗಿಸಿಕೊಂಡು ಹತ್ತಿಬಿಡುತ್ತದೆ. ಹತ್ತುವ ವಿಷಯದಲ್ಲಿ ಅದರ ಮೇಲೆ ದೂರಿಲ್ಲ. ಕಾಣುವ ವಿಷಯದಲ್ಲಿ ಮಾತ್ರ ಅದೂ ನಾನೂ ಒಂದೇ. ಹೆಡ್‌ಲೈಟ್ ಹಾಕಿದರೆ ಕತ್ತಲೆ ಸ್ವಲ್ಪ ಹಳದಿಯಾಗುತ್ತಿತ್ತು, ಅಷ್ಟೇ. ದೀಪ ಹತ್ತಿದೆಯೋ ಇಲ್ಲವೋ ಎಂದು ತಿಳಿಯಲು ಸುಶೀಲ ಇಳಿದು ಮುಂದೆ ಹೋಗಿ ಅಂಗೈ ಅಡ್ಡ ಹಿಡಿದು ನೋಡುತ್ತಿದ್ದಳು.

"ಹತ್ತೈತೆ ಕಣ್ರೀ. ಆದ್ರೆ ಗಾಜಿನ ಒಳಗೇ ಕೂತೈತೆ, ಈಚೆಗ್ ಬರೋ ಮನಸ್ಸಿಲ್ಲ ಅದಕ್ಕೆ" ಎನ್ನುತ್ತಿದ್ದಳು.

ಬಲ್ಬು ಬದಲಾಯಿಸಿ ಎಂದು ಅವಳು ಎಷ್ಟೋ ವರ್ಷದಿಂದ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಇದು ಜಿಪುಣತನವಲ್ಲ, ಅಭ್ಯಾಸ. ನಾನು ಹುಟ್ಟಿ ಬೆಳೆದದ್ದು ಆಲೂರಿನ ಹತ್ತಿರದ ಹಳ್ಳಿಯಲ್ಲಿ. ಅಲ್ಲಿಗೆ ಕರೆಂಟು ಬಂದಿತ್ತು, ಆದರೆ ಇರುತ್ತಿರಲಿಲ್ಲ. ಸಂಜೆಯಾದರೆ ಲಾಂದ್ರ. ಲಾಂದ್ರದ ಗಾಜಿನೊಳಗೆ ಕೈ ತೂರಿಸಿ ಬೂದಿ ಹಾಕಿ ಉಜ್ಜುವುದು ನನ್ನ ಪಾಲಿನ ಕೆಲಸ, ಏಕೆಂದರೆ ಮನೆಯಲ್ಲಿ ನನ್ನ ಕೈಯೇ ಸಣ್ಣದು. ಏಳನೇ ಕ್ಲಾಸಿಗೆ ಬಂದಾಗ ಒಂದು ಸಂಜೆ ಕೈ ಗಾಜಿನೊಳಗೆ ಸಿಕ್ಕಿಕೊಂಡಿತು. ನಾನು ಅಳತೊಡಗಿದೆ. ಅವ್ವ ಓಡಿ ಬಂದು, "ಅಯ್ಯೋ, ಅಲ್ಲಾಡಿಸ್ಬ್ಯಾಡ ಕಣೋ, ಒಡ್ದೋಗ್ಬುಟ್ಟಾತು" ಎಂದಳು. ಕೈಯಲ್ಲ, ಗಾಜು. ಹರಳೆಣ್ಣೆ ಸವರಿ ಬಿಡಿಸಿದ ಮೇಲೆ ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಅಂಥ ಮನೆಯಿಂದ ಬಂದವನಿಗೆ ಎಷ್ಟು ಬೆಳಕು ಸಿಕ್ಕಿತೋ ಅಷ್ಟೇ ದೀಪ ಎಂದು ಮನಸ್ಸು ಒಪ್ಪಿಕೊಂಡಿರುತ್ತದೆ. ಇನ್ನೂ ಬೇಕು ಎಂದು ಕೇಳುವುದು ತಪ್ಪೆನಿಸುತ್ತದೆ.

ಕೊಯ್ಲಿನ ದಿನಗಳಲ್ಲಿ ನಮ್ಮ ಎಸ್ಟೇಟಿಗೆ ನಾಲ್ಕು ಕಿಲೋಮೀಟರ್ ಆಚೆಯ ಊರಿನಿಂದ ಆರು ಜನ ಹೆಣ್ಣಾಳುಗಳು ಬರುತ್ತಾರೆ. ಅವರ ಮುಂದಾಳು ಚಂದ್ರಮ್ಮ. ಮೇಲಿನ ಬ್ಲಾಕಿನ ಹಣ್ಣು ಸ್ಟೋರಿನ ಅಂಗಳಕ್ಕೆ ಇಳಿಯುವಾಗಲೇ ಐದು ಗಂಟೆ. ಒಬ್ಬೊಬ್ಬರದೂ ಕಸಕಡ್ಡಿ, ಹಸಿರು ಕಾಯಿ ಆರಿಸಿ ತೂಗಿ ಮುಗಿಯುವಷ್ಟರಲ್ಲಿ ಬೆಟ್ಟದ ನೆರಳು ಅಂಗಳಕ್ಕೆ ಬಂದಿರುತ್ತದೆ. ನಾನು ತೂಕದ ಮುಳ್ಳನ್ನು ಎರಡೆರಡು ಸಲ ನೋಡುವವನು. ಹಣ್ಣು ಹೊತ್ತ ಟ್ರ್ಯಾಕ್ಟರು ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಗೆ ಹೋಗುತ್ತದೆ. ಇವರು ನಡೆದೇ ಊರು ಸೇರಬೇಕು. ಆ ಹೊತ್ತು ಆನೆಗಳು ಕಾಡಿನಿಂದ ತೋಟಕ್ಕೆ ದಾಟುವ ಹೊತ್ತು.

ಮೊದಲ ವರ್ಷ ಇದನ್ನು ನೋಡಿದ್ದು ನಾನಲ್ಲ, ಸುಶೀಲ. ನನಗೆ ಕಾಫಿ ತಂದವಳು ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನೀವ್ ತೂಗಿ ತೂಗಿ ಕತ್ಲೆ ಮಾಡ್ತೀರಿ. ಅವ್ರು ಆನೆ ಕಾಲಡಿ ಹೋಗ್ಬೇಕಾ? ಜೀಪ್ ಇರೋದು ಏನಕ್ಕೆ, ಕೋಳಿ ಮಲಗ್ಸೋಕಾ?"

ಅಂದೇ ಸಂಜೆ ಆರು ಜನರನ್ನೂ ಹಿಂದೆ ಕೂರಿಸಿಕೊಂಡು ಹೊರಟೆವು. ಅವಳು ನನ್ನ ಎಡಗಡೆಯ ಸೀಟಿನಲ್ಲಿ. ಮೊದಲ ತಿರುವಿನಲ್ಲೇ ಜೀಪಿನ ಚಕ್ರ ಚರಂಡಿಯ ಅಂಚಿಗೆ ಹೋಯಿತು. ಮರುದಿನದಿಂದ ಅವಳು ಬ್ಯಾಟರಿ ತರತೊಡಗಿದಳು. ಬ್ಯಾಟರಿ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು. ಪರದೆಯನ್ನು ಸರಿಸಿ, ಕೈ ಹೊರಗೆ ಚಾಚಿ, ರಸ್ತೆಯ ಅಂಚಿಗೆ ಬೆಳಕು ಬಿಟ್ಟುಕೊಂಡು ಕೂರುತ್ತಿದ್ದಳು. "ಎಡಕ್ಕೆ ಹಳ್ಳ ಐತೆ. ಬಲಕ್ಕೆ ತಗೊಳಿ. ಸಾಕು. ಇನ್ನ ಸೀದಾ." ಹನ್ನೊಂದು ಕೊಯ್ಲು ಹೀಗೆ ಕಳೆಯಿತು. ನನ್ನ ಡ್ರೈವಿಂಗ್ ಚೆನ್ನಾಗಿದೆ ಎಂದು ಎಸ್ಟೇಟಿನಲ್ಲಿ ಹೆಸರೂ ಬಂತು. ಆ ಹೆಸರನ್ನು ನಾನು ಸುಮ್ಮನೆ ಇಟ್ಟುಕೊಂಡೆ.

ಕಳೆದ ಶ್ರಾವಣದಲ್ಲಿ ಅವಳಿಗೆ ಮೂರು ದಿನ ಜ್ವರ ಬಂತು. ನಾಲ್ಕನೇ ದಿನ ಹಾಸನಕ್ಕೆ ಕರೆದುಕೊಂಡು ಹೋದೆ. ಐದನೇ ದಿನ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ಜೀಪು ಶೆಡ್ಡಿನಲ್ಲಿ ನಿಂತಿತು. ಹಗಲು ಬೇಕಾದರೆ ಓಡಿಸುತ್ತಿದ್ದೆ. ಸಂಜೆಯಾದ ಮೇಲೆ ಅದರ ಹತ್ತಿರ ಹೋಗುತ್ತಿರಲಿಲ್ಲ. ಕೊಯ್ಲು ಶುರುವಾಯಿತು. ಆರು ಜನ ಬಂದರು, ತೂಕ ಮುಗಿಯಿತು, ಒಬ್ಬರೂ ಶೆಡ್ಡಿನ ಕಡೆ ನೋಡಲಿಲ್ಲ. ತಲೆಗೆ ವಲ್ಲಿ ಸುತ್ತಿಕೊಂಡು, "ಬರ್ತೀವಣ್ಣ" ಎಂದು ನಡೆದು ಹೊರಟರು. ಕರೆದುಕೊಂಡು ಹೋಗಿ ಎಂದು ಅವರು ಕೇಳಿದ್ದರೆ ಒಂದು ನೆಪ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲವಾದ್ದರಿಂದ ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ. ಹೀಗೆ ಎಂಟು ಹತ್ತು ದಿನ.

ಒಂದು ಬೆಳಿಗ್ಗೆ ರತ್ನ ಎಂಬವಳು ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಹಾಜರಿಗೆ ಬಂದಳು.

"ಏನಾಯ್ತಮ್ಮ?"

"ಬಿದ್ದೆ ಕಣಣ್ಣ."

"ಬೀಳ್ನಿಲ್ಲ ರೈಟ್ರಣ್ಣ, ಆನೆ ಬೀಳ್ಸಿದ್ದು" ಎಂದಳು ಚಂದ್ರಮ್ಮ. "ಮುಟ್ಟಿಲ್ಲ ಬುಡಿ. ತಿರುವಲ್ಲಿ ನಿಂತು ಸುಮ್ನೆ ನೋಡ್ತು. ನೋಡಿದ್ದಕ್ಕೇ ಇವ್ಳು ಚರಂಡಿ ಸೇರ್ಬುಟ್ಲು. ಪಾಪ, ಆನೆಗೇ ಗಾಬ್ರಿಯಾಗಿ ಹೊಂಟೋಯ್ತು."

ಎಲ್ಲರೂ ನಕ್ಕರು. ರತ್ನಳೂ ನಕ್ಕಳು. ನನ್ನ ಮೇಲೆ ಯಾರದೂ ಒಂದು ಮಾತಿಲ್ಲ. ರತ್ನಳಿಗೆ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಆನೆ ಬರೀ ನೋಡಿ ಸುಮ್ಮನಾಗದೆ ಇದ್ದಿದ್ದರೆ? ತಡವಾಗಿ ತೂಗುವವನು ನಾನು. ಅವರನ್ನು ಕ್ಷೇಮವಾಗಿ ಮನೆ ಸೇರಿಸುವ ಕೆಲಸವನ್ನು ಸುಶೀಲ ಕೈಗೆ ತಗೊಂಡಿದ್ದಳು. ಅವಳಿಲ್ಲ ಎಂಬ ಕಾರಣಕ್ಕೆ ಆ ಕೆಲಸವೇ ನಿಂತುಹೋಗಬೇಕೇ?

ಭಾನುವಾರ ಜೀಪು ತೆಗೆದುಕೊಂಡು ಆನೇಮಹಲ್‌ಗೆ ಹೋದೆ. ಅಲ್ಲಿ ಹೆದ್ದಾರಿ ಪಕ್ಕ ಲೋಕೇಶ ಎಂಬ ಆಟೋ ಎಲೆಕ್ಟ್ರಿಷಿಯನ್ ಇದ್ದಾನೆ. ಮೂವತ್ತೈದರ ಆಳು, ಮಾತು ಜಾಸ್ತಿ, ಕೈ ಚುರುಕು. ಬಾನೆಟ್ ಎತ್ತಿ ನೋಡಿ ಹಣೆ ಚಚ್ಚಿಕೊಂಡ.

"ಇದೇನ್ ಸಾರ್, ವೈರಾ ಜನಿವಾರಾನಾ? ಬ್ಯಾಟರಿಯಿಂದ ಹೊಂಟ ಕರೆಂಟು ಸ್ವಿಚ್ ಸುತ್ಕೊಂಡು ಬಲ್ಬ್ ಮುಟ್ಟೋಷ್ಟೊತ್ಗೆ ಸುಸ್ತಾಗಿರ್ತದೆ. ಬಲ್ಬಿಂದೇನ್ ತಪ್ಪಿಲ್ಲ."

ಇಷ್ಟು ವರ್ಷ ನಾವಿಬ್ಬರೂ ಬೈದದ್ದು ಬಲ್ಬನ್ನು. ಅವುಗಳನ್ನು ಎಸೆಯದೆ ಇಟ್ಟುಕೊಂಡದ್ದಕ್ಕೆ ಇದೂ ಒಂದು ಕಾರಣ. ಲೋಕೇಶ ದಪ್ಪ ವೈರು ಎಳೆದು, ದೀಪಕ್ಕೆ ನೇರವಾಗಿ ಕರೆಂಟು ಹೋಗುವ ಹಾಗೆ ರಿಲೇ ಕೂರಿಸಿದ. ಎಲ್‌ಇಡಿ ಹಾಕಿದರೆ ಕರೆಂಟು ಕಡಿಮೆ ಸಾಕು, ಬೆಳಕು ಜಾಸ್ತಿ ಎಂದ. ಯಾವ ಬೆಳಕು ಬೇಕು ಎಂದು ಕೇಳಿದ. ಬೆಳಕಿನಲ್ಲಿ ಬಗೆಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಹಾಲಿನಂಥ ಬಿಳಿ ಬೆಳಕು ಎಲ್ಲಕ್ಕಿಂತ ಜೋರು ಎಂದು ಗೋಡೆಗೆ ಬಿಟ್ಟು ತೋರಿಸಿದ. ಹುಟ್ಟಿದಾಗಿನಿಂದ ಬೆಳಕು ಕೇಳದವನು ಆ ದಿನ ಆಸೆಬುರುಕನಾದೆ.

"ಅದೇ ಹಾಕಪ್ಪ" ಎಂದೆ. ಮಧ್ಯಾಹ್ನದ ಬಿಸಿಲು. ಅವನಿಗೆ ಬೇರೆ ಗಾಡಿಗಳು ಕಾದಿದ್ದವು, ನನಗೂ ಆತುರ. ತೂತಿಗೆ ತೂರಿಸಿ ಕ್ಲಿಪ್ ಹಾಕಿಬಿಟ್ಟ.

ಸಕಲೇಶಪುರದಲ್ಲಿ ಸಾಮಾನು ಕೊಂಡು ಹೊರಡುವಾಗ ಮಬ್ಬಾಗಿತ್ತು. ದೀಪ ಹಾಕಿದೆ. ಎದುರು ಬಂದ ಲಾರಿಯವನು ತನ್ನ ದೀಪವನ್ನು ಎರಡು ಸಲ ಮಿಣುಕಿಸಿದ. ನಾನೂ ಮಿಣುಕಿಸಿದೆ. ಬಸ್ಸಿನವನೂ ಮಿಣುಕಿಸಿದ. ಎಷ್ಟು ಆತ್ಮೀಯವಾದ ಜನ, ನನ್ನ ಹೊಸ ದೀಪವನ್ನು ಇಷ್ಟು ಬೇಗ ಗುರುತಿಸಿಬಿಟ್ಟರಲ್ಲ ಎಂದು ಹಿಗ್ಗಿದೆ. ಎಲ್ಲರಿಗೂ ತಪ್ಪದೆ ಮಿಣುಕಿಸಿ ಉತ್ತರ ಕೊಟ್ಟೆ. ಕೊನೆಗೆ ಒಬ್ಬ ಪಿಕಪ್ ಚಾಲಕ ಪಕ್ಕದಲ್ಲೇ ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಯಜಮಾನ್ರೇ, ಮದ್ವೆ ಚಪ್ಪರಾನ ಹೊತ್ಕೊಂಡ್ ಹೋಗ್ತಿದ್ದೀರಾ? ಡಿಪ್ ಮಾಡಿ ಮಾರಾಯ್ರೇ, ಕಣ್ ಹೋಯ್ತು!"

"ಡಿಪ್ಪಲ್ಲೇ ಐತಪ್ಪ" ಎಂದೆ. ಅವನು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡೇ ಗಾಡಿ ಬಿಟ್ಟ.

ಮರುದಿನ ತೂಕ ಮುಗಿದ ಮೇಲೆ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. "ಹತ್ಕಳ್ರಮ್ಮ" ಎಂದೆ. ಆರು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಹತ್ತಿದರು. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತರು. ಮುಂದಿನ ಎಡಗಡೆ ಸೀಟು ಖಾಲಿಯೇ ಇತ್ತು. ಯಾರೂ ಬರಲಿಲ್ಲ, ನಾನೂ ಕರೆಯಲಿಲ್ಲ.

ಅರ್ಧ ಕಿಲೋಮೀಟರ್ ಬಂದಿರಬಹುದು. ಹಳ್ಳದ ಕಡೆಯಿಂದ ಮಂಜು ಎದ್ದು ಬಂತು. ನಮ್ಮ ಹೆತ್ತೂರಿನ ಮಂಜು ನಿಮಗೆ ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಒದ್ದೆ ಹತ್ತಿ ಎಂದುಕೊಳ್ಳಿ. ನನ್ನ ಹಾಲಿನಂಥ ಬೆಳಕು ಅದಕ್ಕೆ ಬಡಿದು ಪೂರ್ತಿ ವಾಪಸ್ಸು ನನ್ನ ಮುಖಕ್ಕೇ ಬಂತು. ಎದುರಿಗೆ ಸುಣ್ಣ ಬಳಿದ ಗೋಡೆ. ರಸ್ತೆ ಇಲ್ಲ, ಚರಂಡಿ ಇಲ್ಲ, ಜೀಪಿನ ಮೂತಿಯೂ ಇಲ್ಲ. ಹಳೆಯ ದೀಪದಲ್ಲಿ ಕಾಣುತ್ತಿದ್ದಷ್ಟೂ ಕಾಣಲಿಲ್ಲ. ಬ್ರೇಕ್ ಒತ್ತಿ ನಿಂತೆ. ಎಲ್ಲೋ ಬಿದಿರು ಮುರಿದ ಸದ್ದು. ಹಿಂದೆ ಆರು ಜನ ಉಸಿರಾಡುವುದು ಕೇಳುತ್ತಿತ್ತು. ಇವರನ್ನು ನಡೆಯಲು ಬಿಟ್ಟಿದ್ದರೆ ಓಡಲಾದರೂ ಓಡುತ್ತಿದ್ದರು, ಈಗ ಡಬ್ಬಿಯಲ್ಲಿ ತುಂಬಿ ತಂದು ನಿಲ್ಲಿಸಿದ್ದೇನೆ ಅನಿಸಿತು.

ಹಿಂದಿನಿಂದ ಚಂದ್ರಮ್ಮ ಇಳಿದು, ಜೀಪಿನ ಮೈ ಸವರಿಕೊಂಡೇ ಮುಂದೆ ಬಂದಳು. ಪರದೆ ಸರಿಸಿ ನಿಂತಳು.

"ಕೂತ್ಕಳ್ಳಾ ಅಣ್ಣ?"

ಆ ಸೀಟಿನ ಮೇಲೆ ಕೈಯಾಡಿಸಿ ಧೂಳು ತೆಗೆದೆ. "ಕೂತ್ಕಳಮ್ಮ" ಎಂದೆ.

ಮೊಬೈಲಿನ ಬೆಳಕನ್ನು ಕೆಳಗೆ ಬಿಟ್ಟು ಅವಳು ಶುರುಮಾಡಿದಳು. ಆದರೆ ಅವಳಿಗೆ ಎಡ ಬಲ ಎಂದು ಹೇಳಿ ಅಭ್ಯಾಸವಿಲ್ಲ.

"ಅತ್ತಗ್ ತಗೊಳಿ."

"ಎತ್ತಗೆ?"

"ಅತ್ತಗೇ ಅಣ್ಣ, ನಾನ್ ಕೈ ತೋರಿಸ್ತಿಲ್ವಾ?"

"ನಾನ್ ರಸ್ತೆ ನೋಡ್ಲಾ, ನಿನ್ ಕೈ ನೋಡ್ಲಾ?"

"ರಸ್ತೆ ಎಲ್ ಕಾಣ್ತೈತೆ ನಿಮ್ಗೆ, ಕೈನಾರ ನೋಡಿ!"

ಹಿಂದೆ ರತ್ನ ಕಿಸಕ್ಕೆಂದಳು. ಆಮೇಲೆ ಆರೂ ಜನ. ನಾನೂ ನಕ್ಕೆ. ಶ್ರಾವಣದ ನಂತರ ನನ್ನ ನಗುವನ್ನು ನಾನೇ ಕೇಳಿದ್ದು ಅದೇ ಮೊದಲು. ದೊಡ್ಡ ದೀಪ ಆರಿಸಿ, ಸಣ್ಣ ಪಾರ್ಕಿಂಗ್ ದೀಪದಲ್ಲಿ, ಅತ್ತಗೆ ಇತ್ತಗೆ ಎನ್ನುತ್ತ, ನಡೆದಿದ್ದರೂ ಅಷ್ಟು ಹೊತ್ತು ಆಗದಷ್ಟು ನಿಧಾನವಾಗಿ ಅವರ ಊರು ಸೇರಿದೆವು. ಆ ಮಂಜಿನಲ್ಲಿ ನಾನು ಒಬ್ಬನೇ ವಾಪಸ್ಸು ಹೋಗುವುದನ್ನು ಅವರು ಒಪ್ಪಲಿಲ್ಲ. ಚಂದ್ರಮ್ಮನ ಮನೆ ಜಗುಲಿಯಲ್ಲಿ ಉಂಡು ಮಲಗಿ, ಬೆಳಗಾದ ಮೇಲೆ ಅವರನ್ನೇ ಹತ್ತಿಸಿಕೊಂಡು ಕೆಲಸಕ್ಕೆ ಬಂದೆ.

ಆ ವಾರ ಪೂರ್ತಿ ಐದಕ್ಕೆ ಮುಂಚೆ ಅವರನ್ನು ಕಳಿಸಿಬಿಟ್ಟೆ. ಅವರ ಕುಕ್ಕೆಯ ಹಣ್ಣನ್ನು ನಾನೇ ಕಸ ಆರಿಸಿ ತೂಗಿಟ್ಟೆ. ತೂಕ ಸರಿಯೇ ಎಂದು ಒಬ್ಬಳೂ ಕೇಳಲಿಲ್ಲ. ಭಾನುವಾರ ಮತ್ತೆ ಲೋಕೇಶನ ಹತ್ತಿರ ಹೋದೆ. ಕಥೆ ಕೇಳಿ ಅವನು ಸ್ಪಾನರ್ ಕೆಳಗಿಟ್ಟು ನಕ್ಕ.

"ಹೆತ್ತೂರ್ ಕಡೇರು ಅಂತ ಮೊದ್ಲೇ ಹೇಳ್ಬಾರ್ದಾ ಸಾರ್? ಆ ಮಂಜಿಗೆ ಬಿಳಿ ಹಾಕ್ತಾರಾ ಯಾರಾದ್ರೂ?"

"ನೀನು ಕೇಳ್ಬಾರ್ದಾ?"

"ಅದೂ ಸರಿ ಬುಡಿ. ಇಬ್ರೂ ದಡ್ರು."

ಈ ಸಲ ಹಳದಿ ಬೆಳಕಿನ ಎಲ್‌ಇಡಿ ತೆಗೆದ. ಬಲ್ಬಿನ ಎರಡು ಪಕ್ಕಗಳಲ್ಲಿ ಸಾಸಿವೆಯಂಥ ಚುಕ್ಕಿಗಳ ಸಾಲಿದೆ. ಅವು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕಂತೆ. ಮೊದಲು ಹಾಕಿದ್ದು ಮೇಲಕ್ಕೂ ಕೆಳಕ್ಕೂ ತಿರುಗಿತ್ತು, ಅದಕ್ಕೇ ಲಾರಿಯವರ ಕಣ್ಣು ಕುಕ್ಕಿದ್ದು. ಅದನ್ನು ಸರಿ ಮಾಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆಳಕು ಆ ಗೆರೆಗಿಂತ ಮೇಲೆ ಹೋಗದ ಹಾಗೆ ಸ್ಕ್ರೂ ತಿರುಗಿಸುತ್ತಿದ್ದವನು ಥಟ್ಟನೆ ಕೇಳಿದ:

"ಹಿಂದ್ಗಡೆ ಎಷ್ಟ್ ಜನ ಕೂರ್ತಾರೆ?"

"ಆರು. ಅಲ್ಲ, ಐದು. ಒಬ್ರು ಮುಂದೆ ಕೂರ್ತಾರೆ."

"ಹಂಗಾರೆ ಖಾಲಿ ಗಾಡೀಲಿ ಹಿಡ್ದಿದ್ ಲೆಕ್ಕ ಬರಲ್ಲ. ಹಿಂದೆ ಭಾರ ಬಿದ್ರೆ ಮೂತಿ ಮೇಲೇಳ್ತದೆ, ದೀಪ ಮರದ ತುದಿ ನೋಡ್ತದೆ."

ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದವರನ್ನು ಅವನು ಕೂಗಿ ಕರೆದ. ಗುರುತಿಲ್ಲ, ಪರಿಚಯವಿಲ್ಲ. ಒಬ್ಬ ಲಾರಿ ಕ್ಲೀನರ್, ಒಬ್ಬ ಮೇಷ್ಟ್ರು, ಮೆಣಸು ಮಾರಲು ಬಂದಿದ್ದ ಇಬ್ಬರು, ಟೀ ಗ್ಲಾಸು ಕೆಳಗಿಡಲು ಒಪ್ಪದ ಒಬ್ಬ ಅಜ್ಜ ಹಿಂದೆ ಹತ್ತಿ ಕೂತರು. ಅಂಗಡಿಯವನೇ ಮುಂದಿನ ಸೀಟಿನಲ್ಲಿ.

"ಎಲ್ಲಿಗ್ ಹೋಯ್ತದಪ್ಪ ಇದು?" ಎಂದರು ಅಜ್ಜ.

"ಎಲ್ಲಿಗೂ ಇಲ್ಲ ತಾತ, ಸುಮ್ನೆ ಕೂತಿರಿ. ನೀವೀಗ ಕಾಫಿ ಕುಯ್ಯೋ ಹೆಂಗಸ್ರು."

"ಹಂಗಾರೆ ಒಸಿ ತೆಳ್ಳಗ್ ಕೂತ್ಕತೀನಿ" ಎಂದು ಅಜ್ಜ ಹೊಟ್ಟೆ ಒಳಗೆ ಎಳೆದುಕೊಂಡರು.

ಹತ್ತು ನಿಮಿಷ ಅವರು ಹಾಗೇ ಕೂತಿದ್ದರು. ಮುಗಿದ ಮೇಲೆ ಇಳಿದು ತಮ್ಮ ತಮ್ಮ ದಾರಿ ಹಿಡಿದರು. ಅವರಿಗೆ ಸರಿಯಾಗಿ ಕೈ ಮುಗಿಯುವುದೂ ಆಗಲಿಲ್ಲ ನನಗೆ. ಯಾರದೋ ಊರಿನ ಹೆಣ್ಣುಮಕ್ಕಳು ಮನೆ ಸೇರಲಿ ಎಂದು ಆರು ಜನ ಕೆಲಸ ಬಿಟ್ಟು ಕೂತಿದ್ದರು ಎಂಬುದು ಅವರಿಗೇ ಗೊತ್ತಿಲ್ಲ. ಇದನ್ನು ಬರೆಯುತ್ತಿರುವುದು ಅವರಿಗಾಗಿಯೂ ಹೌದು.

ಸೋಮವಾರ ಸಂಜೆ ಮಂಜು ಇತ್ತು. ದೀಪ ಹಾಕಿದೆ. ಬೆಳಕು ಮಂಜಿನ ಕೆಳಗೆ ನುಗ್ಗಿ ನೆಲದ ಮೇಲೆ ಹರಡಿತು. ರಸ್ತೆ ಕಂಡಿತು. ರಸ್ತೆ ಎಂದರೆ ಪೂರ್ತಿ ರಸ್ತೆ, ಎರಡೂ ಅಂಚು. ಹನ್ನೆರಡನೇ ಕೊಯ್ಲಿನಲ್ಲಿ ನಾನು ಆ ದಾರಿಯನ್ನು ಕತ್ತಲಲ್ಲಿ ಮೊದಲ ಸಲ ನೋಡಿದೆ. ಮೋರಿಯ ಕಟ್ಟೆ ಒಂದು ಕಡೆ ಕುಸಿದಿದೆ. ಎರಡನೇ ತಿರುವಿನಲ್ಲಿ ಚರಂಡಿ ರಸ್ತೆಯೊಳಕ್ಕೆ ಒಂದು ಮೊಳ ತಿಂದುಕೊಂಡು ಬಂದಿದೆ. ಅದರಾಚೆ ಆಳವಾದ ಇಳಿಜಾರು, ಕೆಳಗೆ ಹಳ್ಳ. ಹಗಲು ಕಂಡ ಆಳವೇ, ಆದರೆ ಕತ್ತಲಲ್ಲಿ ನನ್ನ ಎಡ ಚಕ್ರ ಅದಕ್ಕೆ ಇಷ್ಟು ಹತ್ತಿರ ಹೋಗುತ್ತಿತ್ತೆಂದು ನನಗೆ ತಿಳಿದಿರಲಿಲ್ಲ. ಸುಶೀಲಳಿಗೆ ತಿಳಿದಿತ್ತು. ಆ ಕಡೆ ಕೂತವಳು ಅವಳು. ಬ್ಯಾಟರಿ ಬೆಳಕಿನಲ್ಲಿ ಆ ಆಳವನ್ನು ದಿನಾ ನೋಡಿಕೊಂಡು, ನನಗೆ ಹೆದರಿಕೆಯಾಗದ ಹಾಗೆ, "ಬಲಕ್ಕೆ ತಗೊಳಿ, ಸಾಕು" ಎಂದಷ್ಟೇ ಹೇಳುತ್ತಿದ್ದಳು. ಎಷ್ಟು ಸಲ ನನಗೆ ಅದು ಅಧಿಕಾರದಂತೆ ಕೇಳಿಸಿ, "ಗೊತ್ತು ಸುಮ್ನಿರೆ" ಎಂದಿದ್ದೆ. ನನಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್ ಎಂದು ಹೆಂಡತಿಗೆ ಹೇಳುವ ರೂಢಿ ನಮ್ಮಲ್ಲಿಲ್ಲ. ಆ ತಿರುವಿನಲ್ಲಿ ಗೇರ್ ಇಳಿಸುವ ನೆಪದಲ್ಲಿ ತಲೆ ತಗ್ಗಿಸಿ, ಬಾಯೊಳಗೇ ಹೇಳಿಕೊಂಡೆ.

ಪಕ್ಕದಲ್ಲಿ ಕೂತಿದ್ದ ಚಂದ್ರಮ್ಮ ಆ ಕಡೆ ಬಗ್ಗಿ ನೋಡಿ, "ಅಬ್ಬಬ್ಬ, ಸುಶೀಲಕ್ಕ ಇಲ್ಲಿ ಹೆಂಗ್ ಕೂರ್ತಿದ್ರೋ!" ಎಂದಳು.

ಊರಿನ ಬಾಯಲ್ಲಿ ಎಲ್ಲರೂ ಇಳಿದರು. ರತ್ನಳ ಹೆಣ್ಣುಮಕ್ಕಳು ದೀಪಕ್ಕೆ ಅಡ್ಡ ನಿಂತು ಕುಣಿದರು, ಅವರ ನೆರಳು ಮಾವಿನ ಮರದಷ್ಟು ಎತ್ತರ. ಇನ್ನು ನಾಲ್ಕು ಕಿಲೋಮೀಟರ್ ನಾನೊಬ್ಬನೇ. ಜೀಪು ತಿರುಗಿಸುವಾಗ ಚಂದ್ರಮ್ಮ ಹತ್ತಿರ ಬಂದು ಕಂಬಿ ಹಿಡಿದು ನಿಂತಳು.

"ಮನೆ ಸೇರಿದ್ ಮ್ಯಾಲೆ ಒಂದ್ ಮಿಸ್ ಕಾಲ್ ಕೊಡಿ ಅಣ್ಣ."

"ದೀಪ ಚೆನ್ನಾಗೈತಲ್ಲಮ್ಮ, ಇನ್ನೇನ್ ಭಯ?"

"ಚೆನ್ನಾಗೈತೆ. ಆದ್ರೂ ಕೊಡಿ."

ದಾರಿಯುದ್ದಕ್ಕೂ ಎಡಕ್ಕೆ ಬಲಕ್ಕೆ ಎನ್ನುವವರು ಯಾರೂ ಇರಲಿಲ್ಲ. ಚಕ್ರ ಅಂಚಿಗೆ ಹೋಗಲಿಲ್ಲ. ಆನೆಯ ಹಸಿ ಲದ್ದಿ ಒಂದು ಕಡೆ ಇತ್ತು, ಆನೆ ಇರಲಿಲ್ಲ. ಜೀಪನ್ನು ಶೆಡ್ಡಿಗೆ ಬಿಟ್ಟು, ಮನೆಯ ಬೀಗ ತೆಗೆದು, ದೀಪ ಹಾಕಿ, ಅಲ್ಲೇ ನಿಂತು ನಂಬರ್ ಒತ್ತಿದೆ. ಒಂದು ಸಲ ರಿಂಗಾದ ಮೇಲೆ ಕಟ್ ಮಾಡೋಣ ಎಂದಿದ್ದೆ. ಅಷ್ಟರಲ್ಲಿ ಅವಳು ಎತ್ತಿಬಿಟ್ಟಳು. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳು ಎಂದು ಕಾಣುತ್ತದೆ.

"ಬಂದ್ರಾ?"

"ಬಂದೆ ಕಣಮ್ಮ."

ಅವಳು ಫೋನಿನಿಂದ ಮುಖ ತಿರುಗಿಸಿ, "ಬಂದ್ರಂತೆ ಕಣ್ರೇ" ಎಂದು ಯಾರಿಗೋ ಕೂಗಿ ಹೇಳಿದಳು. ಅತ್ತ ಹಲವು ದನಿಗಳು ಕೇಳಿದವು.

"ಸರಿ, ಉಣ್ಣೋಗಿ ಅಣ್ಣ" ಎಂದು ಇಟ್ಟಳು.